ಕೊರಿಯಾ ಶಾಲೆಯಲ್ಲಿ ಪೊರಕೆ ಪಾಠ

ಮೇಷ್ಟ್ರಾದವನು ಕೆಲಸದಿಂದ ನಿವೃತ್ತನಾಗಬಹುದು, ಆದರೆ ಮೇಷ್ಟ್ರಿಗೆ ಆಗುವ ಫಜೀತಿಗಳಿಗೆ ನಿವೃತ್ತಿ ಅನ್ನುವುದಿಲ್ಲ. ಇದು ನನಗೆ ಗೊತ್ತಾಗಿದ್ದು ನಿವೃತ್ತನಾದ ಮೇಲೆಯೇ.

ನಾನು ಕನಕಪುರದಾಚೆ ಉಯ್ಯಂಬಳ್ಳಿಯಲ್ಲಿ ಕೆಲಸ ಶುರುಮಾಡಿ ಚನ್ನಪಟ್ಟಣದ ಹತ್ತಿರ ವಿರೂಪಾಕ್ಷಿಪುರದಲ್ಲಿ ಮುಗಿಸಿದ ಇಂಗ್ಲಿಷ್ ಮೇಷ್ಟ್ರು. ಅಷ್ಟೂ ವರ್ಷ ನನ್ನ ಪಾಠದ ಕ್ರಮ ಒಂದೇ ಆಗಿತ್ತು. ನಾನು ಹೇಳುವುದು, ಮಕ್ಕಳು ಹೇಳುವುದು. ತಪ್ಪಿದರೆ ಮತ್ತೆ ನಾನು ಹೇಳುವುದು, ಮತ್ತೆ ಮಕ್ಕಳು ಹೇಳುವುದು. ಇದರಲ್ಲಿ ಯಾರಿಗೂ ಸಂತೋಷವಿರಲಿಲ್ಲ, ಆದರೆ ಪಾಸಾಗುತ್ತಿದ್ದರು. ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಮಾತುಗಳಲ್ಲಿ ತಪ್ಪು ತಿದ್ದತೊಡಗಿದೆ. ತಿಂಗಳು ತುಂಬುವುದರೊಳಗೆ ಅವಳೇ ನನಗೆ ಬೇರೆ ಕೆಲಸ ಹುಡುಕಲು ಹೊರಟಳು.

ಆಗ ಬಿಡದಿ ಕಡೆಯಿಂದ ರಾಮನಗರದವರೆಗೆ ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ನಿನ್ನೆ ಹುರುಳಿ ಇದ್ದ ಹೊಲದಲ್ಲಿ ಇವತ್ತು ಕಾಂಪೌಂಡು. ಅಂಥದೊಂದು ಫ್ಯಾಕ್ಟರಿ ಕೊರಿಯಾದವರದು. ಅದರ ಎಂಜಿನಿಯರುಗಳು ಸಂಸಾರ ಸಮೇತ ಬಂದು ರಾಮನಗರದಲ್ಲಿ ಮನೆ ಮಾಡಿದ್ದರು. ತಮ್ಮ ಮಕ್ಕಳು ಊರಿಗೆ ಹಿಂತಿರುಗಿದ ಮೇಲೆ ಅಲ್ಲಿನ ಶಾಲೆಯಲ್ಲಿ ಹಿಂದೆ ಬೀಳಬಾರದು ಎಂದು ಒಂದು ಬಾಡಿಗೆ ಮನೆಯಲ್ಲಿ ತಮ್ಮದೇ ಶಾಲೆ ನಡೆಸುತ್ತಿದ್ದರು. ಬೆರಳೆಣಿಕೆಯ ಮಕ್ಕಳು, ಅಲ್ಲಿಂದಲೇ ಬಂದ ಇಬ್ಬರು ಶಿಕ್ಷಕರು. ಇಂಗ್ಲಿಷ್ ಹೇಳಿಕೊಡಲು ಇಲ್ಲಿಯವರೊಬ್ಬರು ಬೇಕಿತ್ತು. ಹೆಂಡತಿ ನನ್ನನ್ನು ಬಸ್ಸು ಹತ್ತಿಸಿದಳು.

ಆ ಇಬ್ಬರ ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಬ್ಬರು ನನ್ನಂತೆಯೇ ನಿವೃತ್ತರಾದ ಹಿರಿಯ ಮೇಷ್ಟ್ರು. ಬೆನ್ನು ಯಾವಾಗಲೂ ನೆಟ್ಟಗೆ, ಕೈಯಲ್ಲಿ ಒಂದು ಬಿದಿರು ಕಡ್ಡಿ. ಹೊಡೆಯುತ್ತಿರಲಿಲ್ಲ, ಮೇಜು ಕುಟ್ಟುತ್ತಿದ್ದರು. ಅವರು ಹೇಳುವುದು, ಮಕ್ಕಳು ಹೇಳುವುದು. ಮೊದಲ ದಿನ ಕಿಟಕಿಯಿಂದ ಅದನ್ನು ಕೇಳಿ, ಒಂದು ಅಕ್ಷರ ಅರ್ಥವಾಗದಿದ್ದರೂ, ನಮ್ಮವರೇ ಸಿಕ್ಕಿದರು ಅನ್ನಿಸಿತು. ಇನ್ನೊಬ್ಬರು ಮೂವತ್ತೈದರ ಆಸುಪಾಸಿನ ಮೇಡಂ. ಚಿಕ್ಕಂದಿನಲ್ಲಿ ಇದೇ ಹಿರಿಯ ಮೇಷ್ಟ್ರ ಕೈಲಿ ಕಲಿತವರು. ಆದರೆ ಕೊರಿಯಾದ ಯಾವುದೋ ಹಳ್ಳಿಯಲ್ಲಿ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಹೊಸ ಬಗೆಯ ಶಾಲೆಯಲ್ಲಿ ಕೆಲಸ ಮಾಡಿ ಕೆಟ್ಟುಹೋಗಿದ್ದರು. ಕೆಟ್ಟುಹೋಗಿದ್ದರು ಅನ್ನುವುದು ಹಿರಿಯ ಮೇಷ್ಟ್ರ ಮಾತು. ಆಗ ನಾನೂ ಅದನ್ನು ಒಪ್ಪಿದ್ದೆ.

ಗುರುವಿಗೆ ಎದುರಾಡುವುದು ಅವರಲ್ಲಿ ಇಲ್ಲ. ಮೇಡಂ ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡಿ, ಆಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ಕೊನೆಗೆ ಇಬ್ಬರಿಗೂ ಒಂದು ಒಪ್ಪಂದವಾಯಿತು. ಬೆಳಗಿನ ಹೊತ್ತು ಹಿರಿಯರ ಕಂಠಪಾಠ, ಮಧ್ಯಾಹ್ನ ಮೇಡಂ ಪಾಠ. ಅವರ ಶಾಲೆಯ ವರ್ಷ ಮುಗಿಯುವುದು ಫೆಬ್ರವರಿಯಲ್ಲಿ. ಆಗ ತಾಯಂದಿರೆಲ್ಲರ ಎದುರು ಹಿರಿಯರು ಪರೀಕ್ಷೆ ಮಾಡುವುದು. ಅದರಲ್ಲಿ ಸೋತರೆ ಮಧ್ಯಾಹ್ನವೂ ಕಂಠಪಾಠ, ಮೇಡಂ ವಾಪಸು ವಿಮಾನ.

ಮೇಡಂ ಪಾಲಿನ ಕಷ್ಟವೆಂದರೆ ಒಬ್ಬ ಹುಡುಗಿ. ಹತ್ತು ವರ್ಷದವಳು. ಊರು ಬಿಟ್ಟು ಬಂದಾಗಿನಿಂದ ಶಾಲೆಯಲ್ಲಿ ಬಾಯಿ ಬಿಟ್ಟವಳಲ್ಲ. ಹಿರಿಯರು ಮೇಜು ಕುಟ್ಟಿದರೆ ಇನ್ನೂ ಮುದುಡಿಕೊಳ್ಳುತ್ತಿದ್ದಳು. ಅವಳ ತಾಯಿ ಸ್ಪಷ್ಟವಾಗಿ ಹೇಳಿದ್ದರು, "ಫೆಬ್ರವರಿಯಲ್ಲಿ ನನ್ನ ಮಗಳು ಎಲ್ಲರೆದುರು ಮಾತಾಡಬೇಕು. ಇಲ್ಲದಿದ್ದರೆ ಈ ಆಟದ ಪಾಠ ಸಾಕು."

"ಈ ವರ್ಷ ಸೋತರೆ, ನಾನು ನಂಬಿದ್ದೆಲ್ಲ ಸುಳ್ಳು ಅಂತ ನನ್ನ ಗುರುಗಳ ಮುಂದೆಯೇ ಒಪ್ಪಿಕೊಂಡು ಹೋಗಬೇಕು" ಎಂದರು ಮೇಡಂ ನನ್ನ ಹತ್ತಿರ, ಇಂಗ್ಲಿಷಿನಲ್ಲಿ. ನಾನು ಅವರ ವಾಕ್ಯದಲ್ಲಿ ಒಂದು ತಪ್ಪು ತಿದ್ದಿದೆ.

೧. ಹಿರಿಯರು ಯಾರು

ಕೊರಿಯಾದವರಿಗೆ ಎದುರಿನವರ ವಯಸ್ಸು ತಿಳಿಯುವವರೆಗೆ ಸಮಾಧಾನವಿರುವುದಿಲ್ಲ. ಯಾರು ಮೊದಲು ಕೂರಬೇಕು, ಯಾರು ಮೊದಲು ಚಮಚ ಎತ್ತಬೇಕು, ಎಲ್ಲ ನಿಂತಿರುವುದು ಅದರ ಮೇಲೆ. ಹೋದ ದಿನವೇ ನನ್ನ ವಯಸ್ಸು ಕೇಳಿದರು. ದಾಖಲೆಯಲ್ಲಿ ಇದ್ದದ್ದನ್ನು ಹೇಳಿದೆ. ಹಿರಿಯ ಮೇಷ್ಟ್ರು ನನಗಿಂತ ದೊಡ್ಡವರೆಂದು ತೀರ್ಮಾನವಾಯಿತು. ಫ್ಯಾನಿನ ಕೆಳಗಿನ ಕುರ್ಚಿ ಅವರದು, ಬಾಗಿಲ ಸಂದಿಯ ಸ್ಟೂಲು ನನ್ನದು.

ಬೇಸಿಗೆ ಬಂತು. ಒಂದು ದಿನ ಊಟದ ಹೊತ್ತಿನಲ್ಲಿ ಹಿರಿಯರು ಮೇಡಂ ಮೂಲಕ ಕೇಳಿದರು, "ನೀವು ಹುಟ್ಟಿದ್ದು ಯಾವ ಪ್ರಾಣಿಯ ವರ್ಷ?"

ನಮ್ಮಲ್ಲಿ ಪ್ರಾಣಿಯ ಲೆಕ್ಕವಿಲ್ಲ, ಅರವತ್ತು ಸಂವತ್ಸರಗಳಿವೆ, ನಮ್ಮಮ್ಮ ಹೇಳುತ್ತಿದ್ದ ಪ್ರಕಾರ ನಾನು ತಾರಣ ಸಂವತ್ಸರದವನು ಎಂದೆ. ಹಿರಿಯರ ಕಣ್ಣು ಅರಳಿತು. ಅವರಲ್ಲಿಯೂ ಅರವತ್ತು ವರ್ಷದ್ದೇ ಸುತ್ತಂತೆ. ಕಡ್ಡಿ ಪಕ್ಕಕ್ಕಿಟ್ಟು ಬೆರಳು ಮಡಿಸುತ್ತ ಲೆಕ್ಕ ಹಾಕಿದರು. ಇನ್ನೊಮ್ಮೆ ಹಾಕಿದರು. ದಾಖಲೆಗೂ ಅಮ್ಮನ ಮಾತಿಗೂ ಎರಡು ವರ್ಷ ವ್ಯತ್ಯಾಸ ಬರುತ್ತಿತ್ತು.

ನಾನು ವಿವರಿಸಬೇಕಾಯಿತು. ನನ್ನನ್ನು ಶಾಲೆಗೆ ಸೇರಿಸಿದಾಗ ನಮ್ಮೂರ ಮೇಷ್ಟ್ರು ಅಪ್ಪನನ್ನು ಏನೂ ಕೇಳಲಿಲ್ಲ. ನನ್ನ ಎತ್ತರ ನೋಡಿ ಒಂದು ಹುಟ್ಟಿದ ದಿನ ಬರೆದುಕೊಂಡರು. ನಮ್ಮ ಕಾಲದಲ್ಲಿ ಎಲ್ಲರೂ ಹುಟ್ಟಿದ್ದೇ ಹಾಗೆ. ನಮ್ಮ ತರಗತಿಯ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದವರು.

ಇದನ್ನು ಮೇಡಂ ಕೊರಿಯಾ ಭಾಷೆಯಲ್ಲಿ ಹೇಳುತ್ತಿದ್ದ ಹಾಗೆಯೇ ಹಿರಿಯರ ಮುಖದ ಬಣ್ಣ ಬದಲಾಯಿತು. ಎದ್ದು ನಿಂತರು. ನನಗೆ ಬಗ್ಗಿ ನಮಸ್ಕಾರ ಮಾಡಿದರು. ಇಷ್ಟು ದಿನ ದೊಡ್ಡವರ ಮುಂದೆ ಮೊದಲು ಕೂತೆ, ಮೊದಲು ಉಂಡೆ, ತಪ್ಪಾಯಿತು ಎಂದರು. ಫ್ಯಾನಿನ ಕೆಳಗಿನ ಕುರ್ಚಿಯನ್ನು ತಾವೇ ಒರೆಸಿ ನನ್ನನ್ನು ಕೂರಿಸಿದರು. ನಾನು ಬೇಡ ಬೇಡ ಅಂದೆ, ಆದರೆ ಕೂತೆ. ಸೆಖೆ ಬಹಳವಿತ್ತು.

ಮಕ್ಕಳೆಲ್ಲ ಸಾಲಾಗಿ ಬಂದು ನನಗೆ ಹೊಸದಾಗಿ ನಮಸ್ಕಾರ ಮಾಡಿದರು. ಕೊನೆಯ ಹುಡುಗ ಮಾತ್ರ ನಗು ತಡೆಯುತ್ತಿದ್ದ. ಯಾಕೆಂದು ಮೇಡಂ ಅವರನ್ನು ಕೇಳಿದೆ. ಅವರು ಸ್ವಲ್ಪ ಹಿಂದೆ ಮುಂದೆ ನೋಡಿ, "ಲೆಕ್ಕ ಬಂದಿದೆ ಸರ್. ನೀವು ಹುಟ್ಟಿದ್ದು ಮಂಗನ ವರ್ಷ" ಎಂದರು.

೨. ಕೆಲಸ ಕಿತ್ತುಕೊಂಡ ಮಕ್ಕಳು

ಆ ಶಾಲೆಗೆ ಅಡುಗೆ ಮತ್ತು ಕಸಮುಸುರೆಗೆಂದು ಒಬ್ಬ ಆಯಮ್ಮ ಇದ್ದಳು. ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ಹುಟ್ಟಿ ರಾಮನಗರಕ್ಕೆ ಕೊಟ್ಟವಳು. ಸೇರಿದ ದಿನವೇ ಗೋಳಾಡುತ್ತ ನನ್ನ ಹತ್ತಿರ ಬಂದಳು.

"ನೋಡಿ ಸಾ, ಪೊರಕೆ ಕಿತ್ಕಂಡವೆ ಮಕ್ಳು. ಗುಡಿಸ್ತಾವೆ, ಒರೆಸ್ತಾವೆ. ನನ್ ಮ್ಯಾಲೆ ಏನ್ ಸಿಟ್ಟು ಸಾ ಇವ್ರಿಗೆ? ಎರಡು ದಿನ ನೋಡಿ ಕಳಿಸ್ಬುಡಾನ ಅಂತವ್ರಾ?"

ವಿಚಾರಿಸಿದರೆ ಸಂಗತಿ ಬೇರೆ ಇತ್ತು. ಕೊರಿಯಾದಲ್ಲಿ ತರಗತಿಯನ್ನು ಮಕ್ಕಳೇ ಗುಡಿಸಿ ಒರೆಸುವುದು ಪದ್ಧತಿ. ಈ ಒಂದು ವಿಷಯದಲ್ಲಿ ಹಿರಿಯರಿಗೂ ಮೇಡಂಗೂ ಜಗಳವಿರಲಿಲ್ಲ. ಆದರೆ ಅವರ ಪೊರಕೆಗೆ ಉದ್ದನೆಯ ಹಿಡಿ. ನಮ್ಮದು ಮೋಟು. ಮಕ್ಕಳು ಅದನ್ನು ಹಿಡಿದು ನೆಟ್ಟಗೆ ನಿಂತೇ ಗುಡಿಸುತ್ತಿದ್ದರು. ಪೊರಕೆ ಗಾಳಿಯಲ್ಲಿ ಆಡುತ್ತಿತ್ತು, ಕಸ ಇದ್ದಲ್ಲೇ ಇತ್ತು. ಆಯಮ್ಮನಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಮೇಡಂ ಯೋಚಿಸಿ ಒಂದು ದಾರಿ ಹುಡುಕಿದರು. ಆಯಮ್ಮನನ್ನು ತರಗತಿಗೆ ಕರೆದು, "ಇವತ್ತಿನಿಂದ ಇವರೇ ಪೊರಕೆ ಪಾಠದ ಟೀಚರ್" ಎಂದರು. ಮಕ್ಕಳು ಎದ್ದು ಬಗ್ಗಿ ನಮಸ್ಕಾರ ಮಾಡಿದವು. ಆಯಮ್ಮ ಹಿಂದೆ ತಿರುಗಿ ನೋಡಿದಳು, ಬೇರೆ ಯಾರೋ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ.

ಮಾರನೆಯ ದಿನ ಇಸ್ತ್ರಿ ಸೀರೆ ಉಟ್ಟು ಬಂದಳು. ಅವಳ ಪಾಠದ ಧ್ವನಿ ಬೀದಿಗೆ ಕೇಳುತ್ತಿತ್ತು. "ಬಗ್ಗು. ಒಸಿ ಬಗ್ಗು. ನೆಲ ಎದ್ದು ನಿನ್ ತಾವ್ಕೆ ಬತ್ತದಾ?" ಇಡೀ ಪಾಠ ಇಷ್ಟೇ. ಆದರೆ ಮಕ್ಕಳು ಬಗ್ಗಿದವು, ಕಸ ಮೂಲೆಯಿಂದ ಹೊರಗೆ ಬಂತು. ಮಾತಾಡದ ಆ ಹುಡುಗಿ ಆಯಮ್ಮನ ಸೆರಗಿನ ಹಿಂದೆಯೇ ಓಡಾಡತೊಡಗಿದಳು. ಮಧ್ಯಾಹ್ನವಾದರೆ ಅಡುಗೆಮನೆಯಲ್ಲಿ ಅವಳ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೇಡಂ ಅವಳನ್ನು ಹಿಂದಕ್ಕೆ ಕರೆಯಲಿಲ್ಲ. "ಅಲ್ಲಿ ಮಾತು ಜಾಸ್ತಿ ಇದೆ, ಇರಲಿ" ಎಂದರು. ಇದು ಯಾವ ಸೀಮೆ ಪಾಠವೋ ಎಂದುಕೊಂಡೆ.

ಒಂದು ಶುಕ್ರವಾರ ಆಯಮ್ಮ ಚಿಂತೆಯ ಮುಖ ಹೊತ್ತು ಬಂದಳು. "ಸಾ, ನಾಳೀಕೆ ಮಕ್ಳಿಗೆಲ್ಲ ರಜ ಅಂತೆ. ಕಸ ಯಾರು ಗುಡಿಸ್ತಾರೆ?"

"ನೀನೇ ಗುಡಿಸಮ್ಮ" ಎಂದೆ.

ಅವಳಿಗೆ ನನ್ನ ಮಾತು ಹಿಡಿಸಲಿಲ್ಲ. "ಅದೆಂಗಾಯ್ತದೆ ಸಾ? ಟೀಚರು ಗುಡಿಸ್ತಾರಾ?"

೩. ಗುಡೇಮಾರನಹಳ್ಳಿಯ ತರಗತಿ

ಮಳೆಗಾಲದಲ್ಲಿ ಮೇಡಂಗೆ ಮಕ್ಕಳಿಂದ ನಾಟಿ ಮಾಡಿಸುವ ಹುಕಿ ಬಂತು. ಆಯಮ್ಮನ ಅಣ್ಣನಿಗೆ ಗುಡೇಮಾರನಹಳ್ಳಿಯಲ್ಲಿ ರಾಗಿ ಹೊಲವಿತ್ತು. ಆಳುಕಾಳೆಲ್ಲ ಫ್ಯಾಕ್ಟರಿ ಗೇಟಿನ ಮುಂದೆ ನಿಂತಿದ್ದ ಕಾಲ. ಪೈರು ಬೆಳೆದು ನಿಂತಿದೆ, ಕೀಳುವವರಿಲ್ಲ, ನೆಡುವವರಿಲ್ಲ ಎಂದು ಅವನು ತಲೆ ಕೆಡಿಸಿಕೊಂಡು ಕೂತಿದ್ದ. ಹೊಲದಲ್ಲಿ ಮಕ್ಕಳಿಗೆ ಪಾಠ ಮಾಡಬಹುದೇ ಎಂದು ಮೇಡಂ ಆಯಮ್ಮನ ಕೈಲಿ ಕೇಳಿಸಿದರೆ, "ತುಳೀದಂಗೆ ಮಾಡ್ಕಳಿ" ಎಂದ.

ಹಿರಿಯ ಮೇಷ್ಟ್ರೂ ಹೊರಟರು. ಮಧ್ಯಾಹ್ನದ ಪಾಠ ಎಷ್ಟು ಹಾಳಾಗಿದೆ ಎಂದು ಕಣ್ಣಾರೆ ನೋಡಲು. ಬೂಟು, ಟೈ, ಕೊಡೆ. ಬದುವಿನ ಮೇಲೆ ನೆಟ್ಟಗೆ ನಿಂತರು. ಅವರ ಪಕ್ಕ ನಾನು ನಿಂತೆ. ನನಗೂ ಅದೇ ಅಭಿಪ್ರಾಯವಿತ್ತು.

ಕೆಳಗೆ ಮಕ್ಕಳು ನೆಡುತ್ತಿದ್ದರು. ಒಂದು ಅಲ್ಲಿ, ಒಂದು ಇಲ್ಲಿ, ಒಂದು ತಲೆಕೆಳಗಾಗಿ. ಹಿರಿಯರು ನೋಡಿದರು. ನಾಲಿಗೆ ಚಪ್ಪರಿಸಿದರು. ಕೊಡೆ ನನ್ನ ಕೈಗೆ ಕೊಟ್ಟರು. ಆಮೇಲೆ ಬೂಟು ಕೊಟ್ಟರು. ಪ್ಯಾಂಟು ಮಂಡಿಗೆ ಮಡಿಸಿ ಹೊಲಕ್ಕಿಳಿದೇ ಬಿಟ್ಟರು. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ಭತ್ತ ಬೆಳೆಯುತ್ತಿದ್ದರಂತೆ. ಎರಡು ತುದಿಯಲ್ಲಿ ಇಬ್ಬರನ್ನು ನಿಲ್ಲಿಸಿ, ಹಗ್ಗ ಎಳೆಸಿ, ಹಗ್ಗದ ಗುಂಟ ಮಕ್ಕಳನ್ನು ಸಾಲು ಹಿಡಿಸಿದರು. ತಾವು ಮಾತ್ರ ಬೆನ್ನು ಬಗ್ಗಿಸದೆ, ಕೂತೂ ಕೂರದ ಹಾಗೆ, ವಿಚಿತ್ರವಾಗಿ ನೆಡುತ್ತಿದ್ದರು.

ಆಯಮ್ಮ ಬದುವಿನಿಂದ ಕೂಗಿದಳು, "ಬಗ್ಗು ಸಾ. ಒಸಿ ಬಗ್ಗು. ನೆಲ ಎದ್ದು ನಿನ್ ತಾವ್ಕೆ ಬತ್ತದಾ?"

ಹಿರಿಯರಿಗೆ ಏನರ್ಥವಾಯಿತೋ, ಕೈ ಸನ್ನೆ ನೋಡಿ ಬಗ್ಗಿದರು. ಸಂಜೆಯವರೆಗೂ ಬಗ್ಗಿಯೇ ಇದ್ದರು. ಬೂಟು ಹಿಡಿದುಕೊಂಡು ನಿಂತವನು ನಾನೊಬ್ಬನೇ. ಸಂಜೆ ವ್ಯಾನಿನಲ್ಲಿ ಅವರು ಮೇಡಂ ಕಡೆ ನೋಡದೆ, "ಇದು ಪಾಠವಲ್ಲ, ಕೂಲಿ" ಎಂದರು. ಆದರೆ ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದರು.

ಆಯಮ್ಮನ ಅಣ್ಣ ತನ್ನ ಹೊಲ ನೋಡಿ ಸುಮ್ಮನೆ ಕೂರುವವನಲ್ಲ. ಸೋಮವಾರ ನಾನು ಶಾಲೆಗೆ ಹೋದರೆ ಗೇಟಿನ ಮುಂದೆ ಮೂವರು ರೈತರು ಕಾಯುತ್ತಿದ್ದರು.

"ನಂದೂ ಎರಡೆಕ್ರೆ ಐತೆ ಸಾ" ಎಂದ ಮೊದಲನೆಯವನು. "ಒಸಿ ಪಾಠ ಮಾಡ್ಸಿ."

"ಅವುಂದು ಇರ್ಲಿ, ನಂದು ರಸ್ತೆ ಪಕ್ಕ. ವ್ಯಾನು ಹೊಲದ್ ತಾವ್ಕೇ ಬತ್ತದೆ" ಎಂದ ಎರಡನೆಯವನು.

ಇದು ಶಾಲೆ, ಮಕ್ಕಳಿಗೆ ನಾಟಿಯ ಪಾಠ ಆಗಿಹೋಯಿತು, ಮತ್ತೆ ಮಾಡುವುದಿಲ್ಲ ಎಂದು ತಿಳಿಹೇಳಿದೆ. ಇಬ್ಬರು ಹೊರಟುಹೋದರು. ಮೂರನೆಯವನು ವಿಚಾರವಂತ. ತಲೆ ಕೆರೆದುಕೊಂಡು ನಿಂತು, ಮೆಲ್ಲಗೆ ಕೇಳಿದ.

"ಕಳೆ ಕೀಳೋದು ಯಾವ ಕ್ಲಾಸ್‌ಗೆ ಬತ್ತದೆ ಸಾ?"

೪. ಎರಡು ಕೈಯಲ್ಲಿ ಕೊಟ್ಟದ್ದು

ರಾಮನಗರದಲ್ಲಿದ್ದು ಮಕ್ಕಳು ರೇಷ್ಮೆ ನೋಡದಿದ್ದರೆ ಹೇಗೆ ಎಂದು ಮೇಡಂ ಒಂದು ನೂಲು ಬಿಚ್ಚುವ ಮನೆಗೆ ಕರೆದುಕೊಂಡು ಹೋದರು. ಬಿಸಿನೀರಿನಲ್ಲಿ ಗೂಡು ಕುದಿಸಿ, ಎಳೆ ಹಿಡಿದು ಸುತ್ತುವುದು. ನೂಲು ಬಿಚ್ಚಿದ ಮೇಲೆ ಉಳಿಯುವುದು ಬೆಂದ ಹುಳು. ಅದರ ವಾಸನೆ ಗೊತ್ತಿದ್ದವರಿಗೆ ಗೊತ್ತು. ಹುಟ್ಟಿದಾಗಿನಿಂದ ಈ ಸೀಮೆಯಲ್ಲಿದ್ದರೂ ನಾನು ಆ ಬೀದಿಯಲ್ಲಿ ಮೂಗು ಮುಚ್ಚಿಕೊಂಡೇ ಹೋಗುವವನು.

ಒಳಗೆ ಕಾಲಿಟ್ಟ ಹಿರಿಯ ಮೇಷ್ಟ್ರು ನಿಂತುಬಿಟ್ಟರು. ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದರು. ಮುಖದಲ್ಲಿ ಒಂದು ಬಗೆಯ ಆನಂದ. ಅವರು ಚಿಕ್ಕವರಿದ್ದಾಗ ಶಾಲೆಯ ಮುಂದೆ, ನಮ್ಮಲ್ಲಿ ಕಡಲೆಕಾಯಿ ಮಾರುವ ಹಾಗೆ, ಕಾಗದದ ಪೊಟ್ಟಣದಲ್ಲಿ ಬೇಯಿಸಿದ ರೇಷ್ಮೆಹುಳು ಮಾರುತ್ತಿದ್ದರಂತೆ. ಎಷ್ಟೋ ವರ್ಷದ ಮೇಲೆ ಆ ವಾಸನೆ ಸಿಕ್ಕಿತು ಎಂದರು. ಸ್ವಲ್ಪ ಸಿಗಬಹುದೇ ಎಂದು ಕೇಳಿಸಿದರು.

ಮನೆಯ ಯಜಮಾನ ತಬ್ಬಿಬ್ಬಾದ. ಅವನು ಅದನ್ನು ಕೋಳಿಗೂ ಮೀನಿಗೂ ಕೊಡುತ್ತಿದ್ದವನು. ಆದರೂ ಬಂದ ಅತಿಥಿಗಳು ಕೇಳಿದ್ದಾರೆ, ಹೊಸದಾಗಿ ಬೇಯಿಸಿ, ಉಪ್ಪು ಉದುರಿಸಿ, ಸ್ಟೀಲ್ ತಟ್ಟೆಯಲ್ಲಿ ತಂದಿಟ್ಟ. ಹಿರಿಯರು ತಿಂದರು. ಮಕ್ಕಳೂ ತಿಂದವು. ಮಾತಾಡದ ಹುಡುಗಿ ಎರಡು ಸಲ ಕೈಯೊಡ್ಡಿದಳು.

ಆಮೇಲೆ ಹಿರಿಯರು ತಟ್ಟೆ ಎತ್ತಿಕೊಂಡು ನನ್ನ ಕಡೆ ಬಂದರು. ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಮುಂದೆ ಚಾಚಿದರು. ಹೀಗೆ ಎರಡು ಕೈಯಲ್ಲಿ ಗೌರವದಿಂದ ಕೊಟ್ಟದ್ದನ್ನು ಬೇಡವೆನ್ನುವುದು ಅವರಲ್ಲಿ ದೊಡ್ಡ ಅವಮಾನ. ಬಾಡೂಟಕ್ಕೆ ನಾನೇನೂ ಹಿಂದೆ ಬಿದ್ದವನಲ್ಲ. ಆದರೆ ಹುಳು ಹುಳುವೇ. ತಟ್ಟೆ ನೋಡಿದೆ, ತಟ್ಟೆ ನನ್ನನ್ನು ನೋಡಿತು. ನನಗೆ ನಿಜವಾಗಿಯೂ ಭಯವಾಯಿತು.

ಆಗ ನನ್ನ ತಾರಣ ಸಂವತ್ಸರ ನೆನಪಿಗೆ ಬಂತು. ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡೆ. ಒಂದು ಕ್ಷಣ ಹಿಡಿದುಕೊಂಡಿದ್ದೆ. ಮತ್ತೆ ಎರಡೂ ಕೈಯಲ್ಲಿ ಅವರಿಗೇ ಚಾಚಿ, ಮೇಡಂಗೆ ಹೇಳಿದೆ, "ನನ್ನ ಕಿರಿಯ ತಮ್ಮನಿದ್ದ ಹಾಗೆ ಇವರು. ಹಿರಿಯನ ಪಾಲನ್ನೂ ಇವರೇ ತಿನ್ನಬೇಕು ಅಂತ ನನ್ನ ಆಸೆ. ಹಿರಿಯನ ಮಾತು ಮೀರಬಾರದು."

ಹಿರಿಯ ಮೇಷ್ಟ್ರ ಕಣ್ಣು ಒದ್ದೆಯಾಯಿತು. ತಟ್ಟೆ ಖಾಲಿ ಮಾಡಿದರು. ಮಂಗನ ವರ್ಷದಲ್ಲಿ ಹುಟ್ಟಿದ್ದಕ್ಕೆ ಅವತ್ತೊಂದು ದಿನ ನಾನು ದೇವರನ್ನು ನೆನೆದೆ.

ಹೊರಡುವಾಗ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ. ಅವನ ದನಿಯಲ್ಲಿ ನೋವಿತ್ತು. "ಸಾರ್, ಎಷ್ಟು ನಯವಾಗಿ ನೂಲು ತೆಗ್ದಿದೀನಿ. ಒಬ್ರೂ ಅದರ ಕಡೆ ನೋಡಲೇ ಇಲ್ವಲ್ಲ ಸಾರ್."

೫. ತಾಯಂದಿರ ದೂರು

ಚಳಿಗಾಲದ ಹೊತ್ತಿಗೆ ತಾಯಂದಿರ ತಾಳ್ಮೆ ಮುಗಿದಿತ್ತು. ಮೇಡಂ ಅಷ್ಟರಲ್ಲಿ ಮಕ್ಕಳನ್ನು ಸಂತೆಗೆ ಕರೆದೊಯ್ದು ಚೌಕಾಸಿ ಮಾಡಿಸಿದ್ದರು. ಲೆಕ್ಕದ ಪಾಠವಂತೆ. ಚೌಕಾಸಿಯ ಕನ್ನಡ ಹೇಳಿಕೊಟ್ಟವನು ನಾನು. ಮಕ್ಕಳು ಅದನ್ನು ಎಷ್ಟು ಚೆನ್ನಾಗಿ ಕಲಿತವೆಂದರೆ, ಒಬ್ಬ ಹುಡುಗ ಮನೆಯಲ್ಲಿ ತಾಯಿ ಬಡಿಸಿದ ತರಕಾರಿಯನ್ನು ತಿನ್ನಲು ಚೌಕಾಸಿಗೆ ಕೂತ. ಅರ್ಧಕ್ಕೆ ಇಳಿಸು, ಇಲ್ಲದಿದ್ದರೆ ಪಕ್ಕದ ಮನೆಗೆ ಹೋಗುತ್ತೇನೆ ಎಂದನಂತೆ. ಹೋಗಿಯೂ ಹೋದನಂತೆ.

ಎಲ್ಲ ತಾಯಂದಿರೂ ಒಟ್ಟಾಗಿ ಬಂದರು. ಮುಂದೆ ನಿಂತದ್ದು ಮಾತಾಡದ ಹುಡುಗಿಯ ತಾಯಿ. "ಕೈ ಕೆಸರಾಗಿದೆ, ನೆತ್ತಿ ಸುಟ್ಟಿದೆ. ನನ್ನ ಮಗಳ ಬಾಯಿಂದ ಮಾತು ಬಂದಿಲ್ಲ" ಎಂದರು. ಮೇಡಂ ತಲೆ ತಗ್ಗಿಸಿ ನಿಂತರು. ಹಿರಿಯರು ಈಗ ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕಡ್ಡಿಯಿಂದ ಮೇಜು ಕುಟ್ಟಿ, "ಫೆಬ್ರವರಿ ಅಂದರೆ ಫೆಬ್ರವರಿ" ಎಂದರು. ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಎಲ್ಲರೂ ಹೊರಟರು. ತರಕಾರಿ ಹುಡುಗನ ತಾಯಿ ಮಾತ್ರ ಹಿಂದೆ ಉಳಿದರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಡವರಿಸುವ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

"ಸರ್, ನಮ್ಮ ಬೀದಿಗೆ ಸೊಪ್ಪು ತರುವವಳು ನನ್ನ ಮಗನಿಗೆ ಕಡಿಮೆಗೆ ಕೊಡುತ್ತಾಳೆ, ನನಗೆ ಕೊಡುವುದಿಲ್ಲ. ಅವನಿಗೆ ಏನು ಹೇಳಿಕೊಟ್ಟಿರಿ?"

೬. ಫೆಬ್ರವರಿ

ಕೊರಿಯಾದಲ್ಲಿ ಒಂದು ಹಳೆಯ ಪದ್ಧತಿಯಿದೆ. ಮಕ್ಕಳು ಒಂದು ಪುಸ್ತಕ ಓದಿ ಮುಗಿಸಿದರೆ ಮನೆಯವರು ಅಕ್ಕಿಹಿಟ್ಟಿನ ಕಡುಬು ಮಾಡಿ ಗುರುವಿಗೂ ಜೊತೆಯ ಮಕ್ಕಳಿಗೂ ಹಂಚುತ್ತಾರೆ. ಅರ್ಧಚಂದ್ರದ ಆಕಾರ, ಒಳಗೆ ಎಳ್ಳಿನ ಹೂರಣ. ನಮ್ಮ ಕಡುಬಿನ ತಂಗಿ ಅನ್ನಬಹುದು. ಪರೀಕ್ಷೆಯ ದಿನ ತಾಯಂದಿರು ಕಡುಬು ತಂದಿದ್ದರು. ಹುರಿದ ಎಳ್ಳು ಒಂದು ದೊಡ್ಡ ಬೋಗುಣಿಯಲ್ಲಿ ಬೇರೆ ಇತ್ತು. ಪಾಸಾದರೆ ಸಮಾರಂಭ, ಇಲ್ಲದಿದ್ದರೆ ಬೀಳ್ಕೊಡುಗೆ. ಕಡುಬು ಎರಡಕ್ಕೂ ಆಗುತ್ತಿತ್ತು.

ಒಬ್ಬೊಬ್ಬರೇ ಎದ್ದು ಉತ್ತರ ಹೇಳಿದರು. ತಪ್ಪಿಲ್ಲದೆ ಹೇಳಿದರು. ಕೊನೆಗೆ ಆ ಹುಡುಗಿಯ ಸರದಿ.

ಹಿರಿಯರು ಅವಳಿಗೆ ಕಷ್ಟದ ಪ್ರಶ್ನೆ ಹಾಕಲಿಲ್ಲ. ಮೇಜು ಕುಟ್ಟಲಿಲ್ಲ. "ಈ ವರ್ಷ ಕಲಿತದ್ದರಲ್ಲಿ ಒಂದೇ ಒಂದು ವಿಷಯ ಹೇಳು" ಎಂದರು. ಹುಡುಗಿ ನೆಲ ನೋಡುತ್ತ ನಿಂತಳು. ಕಾದರು. ಇನ್ನೂ ಕಾದರು. ಮೇಡಂ ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದರು. ಗುರು ಕೇಳುತ್ತಿರುವಾಗ ಪಿಸುಗುಟ್ಟುವ ಹಾಗಿಲ್ಲ. ವರ್ಷಪೂರ್ತಿ ಇದೆಲ್ಲ ಆಟ ಎಂದುಕೊಂಡಿದ್ದವನು ನಾನು. ಆದರೂ ಈ ಹುಡುಗಿ ಒಂದು ಮಾತಾಡಲಿ, ಯಾವುದಾದರೂ ಆಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಹುಡುಗಿಯ ತಾಯಿ ಎದ್ದು ನಿಂತು ಚೀಲ ಹೆಗಲಿಗೆ ಹಾಕಿಕೊಂಡರು.

ಹಿರಿಯರು ನಿಟ್ಟುಸಿರು ಬಿಟ್ಟು ಹಿಂದಕ್ಕೆ ತಿರುಗಿದರು. ತಿರುಗುವಾಗ ಅವರ ಕಡ್ಡಿ ಬೋಗುಣಿಗೆ ತಗುಲಿತು. ಬೋಗುಣಿ ಉರುಳಿತು. ಎಳ್ಳು ಮೇಜಿನಿಂದ ಬಾಗಿಲವರೆಗೂ ಹರಡಿತು. ತಾಯಂದಿರು ಧಾವಿಸಿದರು. ಹಿರಿಯರು ಕೈಯೆತ್ತಿ ತಡೆದರು. ತಾವು ಚೆಲ್ಲಿದ್ದನ್ನು ತಾವೇ ತೆಗೆಯಬೇಕು, ವರ್ಷಪೂರ್ತಿ ಮಕ್ಕಳಿಗೆ ಹೇಳಿದ್ದು ಅದನ್ನೇ. ಮೂಲೆಯಲ್ಲಿದ್ದ ಮೋಟು ಪೊರಕೆ ತೆಗೆದುಕೊಂಡರು. ನೆಟ್ಟಗೆ ನಿಂತು ಗುಡಿಸತೊಡಗಿದರು. ಪೊರಕೆ ಗಾಳಿಯಲ್ಲಿ ಆಡಿತು, ಎಳ್ಳು ಇದ್ದಲ್ಲೇ ಇತ್ತು.

ಹುಡುಗಿ ತಲೆಯೆತ್ತಿ ನೋಡಿದಳು. ಒಂದು ಸಲ ತಡೆದುಕೊಂಡಳು, ಎರಡನೆಯ ಸಲವೂ ತಡೆದುಕೊಂಡಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಇಡೀ ಮನೆಗೆ ಕೇಳುವ ಹಾಗೆ, ಅಪ್ಪಟ ಗುಡೇಮಾರನಹಳ್ಳಿಯ ರಾಗದಲ್ಲಿ ಹೇಳಿದಳು.

"ಬಗ್ಗು ಸಾ. ಒಸಿ ಬಗ್ಗು. ನೆಲ ಎದ್ದು ನಿನ್ ತಾವ್ಕೆ ಬತ್ತದಾ?"

ಹಿರಿಯ ಮೇಷ್ಟ್ರು ತಟಕ್ಕನೆ ಬಗ್ಗಿದರು.

ಹುಡುಗಿಯ ತಾಯಿ ನನ್ನ ಕಡೆ ತಿರುಗಿ, ಅವಳು ಏನಂದಳು ಎಂದು ಕೇಳಿದರು. ನಾನು ಎಷ್ಟಾದರೂ ಮೇಷ್ಟ್ರು. "ಗುರುಗಳೇ, ದಯವಿಟ್ಟು ಸ್ವಲ್ಪ ಬಾಗುವಿರಾ ಎಂದಳು" ಎಂದೆ. ಮೇಡಂ ಅದನ್ನು ಕೊರಿಯಾ ಭಾಷೆಗೆ ತಂದರು.

ಹಿರಿಯರು ಬಗ್ಗಿದಲ್ಲಿಂದಲೇ ಏನೋ ಹೇಳಿದರು. ಮೇಡಂ ಅದನ್ನು ಇಂಗ್ಲಿಷಿಗೆ ತರುವಾಗ ಅಳುತ್ತಿದ್ದರು, ನಗುತ್ತಲೂ ಇದ್ದರು. "ನೀವು ಹೇಳಿದ್ದು ತಪ್ಪು ಅಂತಿದ್ದಾರೆ ಸರ್. ಈ ಮಾತನ್ನು ಅವರು ಹೊಲದಲ್ಲಿ ಕೇಳಿದ್ದಾರಂತೆ. ಅದರಲ್ಲಿ ದಯವಿಟ್ಟು ಇರಲಿಲ್ಲವಂತೆ."

ಹಿರಿಯರು ಇನ್ನೂ ಒಂದು ಮಾತು ಸೇರಿಸಿದರು. ಈ ಊರಿನ ಭಾಷೆಯನ್ನು ಅವರಿಗೆ ಯಾರೂ ಪಾಠ ಹೇಳಿರಲಿಲ್ಲ, ಬಾಯಿಪಾಠ ಮಾಡಿಸಿರಲಿಲ್ಲ. ಆದರೂ ಬೆನ್ನು ತಾನಾಗಿ ಬಗ್ಗಿತು. ಆದ್ದರಿಂದ ಮಧ್ಯಾಹ್ನದ ಪಾಠ ಮೇಡಂದೇ. ಹುಡುಗಿಯ ತಾಯಿ ಹೆಗಲಿನ ಚೀಲ ಕೆಳಗಿಟ್ಟು, ಮಗಳನ್ನು ಅಪ್ಪಿಕೊಂಡು ಅಲ್ಲೇ ಕೂತರು. ಮಗಳು ಬಿಡಿಸಿಕೊಂಡು, ಇನ್ನೂ ಎಲ್ಲೆಲ್ಲಿ ಎಳ್ಳು ಉಳಿದಿದೆ ಎಂದು ಹಿರಿಯರಿಗೆ ಬೆರಳು ಮಾಡಿ ತೋರಿಸುತ್ತಿದ್ದಳು, ಈಗ ಕೊರಿಯಾ ಭಾಷೆಯಲ್ಲಿ, ಬಾಯಿ ಮುಚ್ಚದೆ.

ಕಡುಬು ಹಂಚಿದರು. ಎಲ್ಲರೂ ಪಾಸು ಎಂದು ಹಿರಿಯರು ಘೋಷಿಸಿದರು. ಅಷ್ಟು ಹೊತ್ತೂ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಆಯಮ್ಮ ಒಳಗೆ ಬಂದಳು. ಬೆಂಚಿನ ಕೆಳಗೆ ಇಣುಕಿದಳು. ಬೆರಳಿಗೆ ಎಳ್ಳು ಅಂಟಿಸಿಕೊಂಡು ಮೇಲೆದ್ದಳು.

"ಮಕ್ಳೆಲ್ಲ ಪಾಸು ಸರಿ ಸಾ" ಎಂದಳು ನನಗೆ. "ಮೂಲೇಲಿ ಇನ್ನೂ ಎಳ್ಳು ಐತೆ. ಈ ಸಾಹೇಬ್ರು ಮಾತ್ರ ಫೇಲು."

ನಾನು ಅದನ್ನು ಒಂದಕ್ಷರ ಬಿಡದೆ ಮೇಡಂಗೆ ಹೇಳಿದೆ, ಅವರು ಹಿರಿಯರಿಗೆ ಹೇಳಿದರು. ಹಿರಿಯರು ಗಂಭೀರವಾಗಿ ತಲೆಯಾಡಿಸಿದರು.

ಮಾರನೆಯ ದಿನ ಬೆಳಿಗ್ಗೆ ನಾನು ಹೋದಾಗ ಶಾಲೆ ಇನ್ನೂ ಶುರುವಾಗಿರಲಿಲ್ಲ. ಟೈ ಹೆಗಲ ಮೇಲೆ ಎಸೆದುಕೊಂಡು, ಬೆನ್ನು ಚೆನ್ನಾಗಿ ಬಗ್ಗಿಸಿ, ಹಿರಿಯ ಮೇಷ್ಟ್ರು ಮೂಲೆ ಗುಡಿಸುತ್ತಿದ್ದರು. ಫ್ಯಾನಿನ ಕೆಳಗಿನ ನನ್ನ ಕುರ್ಚಿಯಲ್ಲಿ ಆಯಮ್ಮ ಕೂತಿದ್ದಳು, ಕೈಯಲ್ಲಿ ಬಿದಿರು ಕಡ್ಡಿ.